ದ್ರಾಸ್: ಒಂದು ಪತ್ರ ಕರೆದ ಊರು

ಶ್ರೀನಗರದಿಂದ ಲೇಹ್ ಕಡೆಗೆ ಹೊರಟವರು ಸೋನಾಮಾರ್ಗ್ ದಾಟಿ ಜೋಜಿ ಲಾ ಘಾಟಿ ಹತ್ತಬೇಕು. ಆಚೆ ಇಳಿದರೆ ಸಿಗುವ ಮೊದಲ ದೊಡ್ಡ ಊರು ದ್ರಾಸ್. ಎತ್ತರ ಸುಮಾರು 10,800 ಅಡಿ. ಹೆದ್ದಾರಿಯ ಎರಡೂ ಬದಿ ಅಂಗಡಿ ಸಾಲು, ಪಕ್ಕದಲ್ಲೇ ಹೊಳೆ, ಬಾರ್ಲಿ ಹೊಲ, ಸುತ್ತ ಬೋಳು ಬೆಟ್ಟ. ಇಲ್ಲಿಯವರ ಮಾತು ಶಿಣಾ, ಪ್ರೀತಿಯ ಆಟ ಕುದುರೆ ಪೋಲೊ. ಚಳಿಗಾಲದ ಹಿಮದಲ್ಲಿ ಊರು ತಿಂಗಳುಗಟ್ಟಲೆ ಹೂತಂತೆ ಇರುತ್ತದೆ.

ಊರು ಹಳೆಯದು. ರಸ್ತೆ ಬದಿಯಲ್ಲಿ ಬೋಧಿಸತ್ವರಾದ ಮೈತ್ರೇಯ, ಅವಲೋಕಿತೇಶ್ವರರನ್ನು ಕಡೆದ ಕಲ್ಲುಗಳು ಇಂದಿಗೂ ನಿಂತಿವೆ. ಈಗ ಮುಸ್ಲಿಮರ ಊರಾದ ಇಲ್ಲಿ ಒಂದು ಕಾಲಕ್ಕೆ ಬುದ್ಧನಿಗೆ ಕೈಮುಗಿಯುವವರಿದ್ದರು.

1948ರಲ್ಲಿ ದ್ರಾಸ್ ಪಾಕಿಸ್ತಾನದ ಕಡೆಯ ದಾಳಿಕೋರರ ಕೈಸೇರಿತು. ಅದನ್ನು ಬಿಡಿಸುವ ಹೊಣೆ ಬಿದ್ದದ್ದು ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯನವರ ಮೇಲೆ. ಜೋಜಿ ಲಾದಲ್ಲಿದ್ದದ್ದು ಹೇಸರಗತ್ತೆ ನಡೆಯುವ ದಾರಿ. ಬೆಂಗಳೂರನ್ನೇ ನೆಲೆ ಮಾಡಿಕೊಂಡಿರುವ ಸೈನ್ಯದ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನವರು ಅದನ್ನು ಅಗಲಿಸಿದರು. ನವೆಂಬರ್ 1ರಂದು ಸ್ಟೂಅರ್ಟ್ ಟ್ಯಾಂಕುಗಳು ಘಾಟಿ ಹತ್ತಿದವು. ಅಷ್ಟು ಎತ್ತರಕ್ಕೆ ಟ್ಯಾಂಕು ಬಂದೀತೆಂದು ಎದುರಾಳಿ ನೆನೆಸಿರಲಿಲ್ಲ. ಅದೇ ತಿಂಗಳು ದ್ರಾಸ್ ಮರಳಿ ನಮ್ಮದಾಯಿತು.

ಐವತ್ತು ವರ್ಷದ ನಂತರ, 1999ರ ಬೇಸಗೆಯ ಕಾರ್ಗಿಲ್ ಯುದ್ಧದಲ್ಲಿ, ಊರಿನ ನೆತ್ತಿಯ ಮೇಲಿನ ತೋಲೋಲಿಂಗ್, ಟೈಗರ್ ಹಿಲ್‌ ಬೆಟ್ಟಗಳಲ್ಲಿ ಪಾಕಿಸ್ತಾನದ ಶತ್ರು ಬಂದು ಕೂತ. ಕೆಳಗಿನ ಹೆದ್ದಾರಿಯ ಒಂದೊಂದು ಲಾರಿಯೂ ಅವನ ಕಣ್ಣಿಗೆ ಬೀಳುತ್ತಿತ್ತು. ಷೆಲ್ ಬೀಳತೊಡಗಿದಾಗ ಜನ ಮನೆಮಠ ಬಿಟ್ಟು ಬೇರೆ ಕಣಿವೆಗಳಿಗೆ ಹೋದರು. ಗಂಡಸರಲ್ಲಿ ಹಲವರು ಉಳಿದು ಸೈನ್ಯದ ಹೊರೆ ಹೊತ್ತರು.

ಕ್ಯಾಪ್ಟನ್ ವಿಜಯಂತ್ ಥಾಪರ್ ಇಲ್ಲಿಗೆ ಬಂದದ್ದು ಆಗ. 2 ರಾಜಪುತಾನಾ ರೈಫಲ್ಸ್‌ನ ಅಧಿಕಾರಿ, ವಯಸ್ಸು 22. ಸೈನ್ಯದ ಮನೆತನ; ಮಗನಿಗೆ ತಂದೆ ಇಟ್ಟದ್ದೂ ಟ್ಯಾಂಕಿನ ಹೆಸರೇ. ಜೂನ್ 13ರಂದು ತೋಲೋಲಿಂಗ್ ಗೆದ್ದ ಪಡೆಯಲ್ಲಿ ಆತನೂ ಇದ್ದ. ಮುಂದಿನ ಗುರಿ ತ್ರೀ ಪಿಂಪಲ್ಸ್ ಎಂಬ ಶಿಖರಗಳಲ್ಲಿನ ನೋಲ್ ಎಂಬ ದಿಬ್ಬ. ಹೊರಡುವ ಮುನ್ನ ತಂದೆತಾಯಿಗೆ ಒಂದು ಪತ್ರ ಬರೆದು, ತಾನು ತಿರುಗಿ ಬಾರದಿದ್ದರೆ ಮನೆಗೆ ಮುಟ್ಟಿಸುವಂತೆ ಗೆಳೆಯನ ಕೈಗಿತ್ತ. ಜೂನ್ 28ರ ಹುಣ್ಣಿಮೆ ರಾತ್ರಿ ದಾಳಿ ಶುರುವಾಯಿತು. ಬೆಳಕು ಹರಿಯುವಾಗ ಆತ ಇರಲಿಲ್ಲ. ಆಮೇಲೆ ವೀರಚಕ್ರ ಬಂತು.

ಆ ಪತ್ರದಲ್ಲಿ ಅಳು ಇಲ್ಲ. ಇದು ನಿಮ್ಮ ಕೈಸೇರುವ ಹೊತ್ತಿಗೆ ನಾನು ಆಕಾಶದಿಂದ ನಿಮ್ಮನ್ನು ನೋಡುತ್ತಿರುತ್ತೇನೆ, ಮತ್ತೆ ಮನುಷ್ಯನಾಗಿ ಹುಟ್ಟಿದರೂ ಸೈನ್ಯಕ್ಕೇ ಸೇರುತ್ತೇನೆ ಎನ್ನುತ್ತಾನೆ. ಉಳಿದದ್ದೆಲ್ಲ ಮನೆ ಮಗ ದೂರ ಹೊರಡುವಾಗ ಒಪ್ಪಿಸಿಹೋಗುವ ಕೆಲಸಗಳು. ದೇಹದ ಯಾವ ಅಂಗ ಉಪಯೋಗಕ್ಕೆ ಬರುತ್ತದೋ ತೆಗೆದುಕೊಳ್ಳಲಿ. ಅನಾಥಾಲಯಕ್ಕೆ ಒಂದಿಷ್ಟು ಹಣ ಕೊಡಿ. ಒಬ್ಬ ಪುಟ್ಟ ಹುಡುಗಿಗೆ ತಿಂಗಳು ತಿಂಗಳು 50 ರೂಪಾಯಿ ಕಳಿಸುತ್ತಿರಿ. ಕುಪ್ವಾರದಲ್ಲಿ ಉಗ್ರರು ಅಪ್ಪನನ್ನು ಕೊಂದದ್ದನ್ನು ಕಣ್ಣಾರೆ ಕಂಡು ಮಾತು ಬಿಟ್ಟಿದ್ದ ಮಗು ಅದು. ಅಲ್ಲಿ ಕೆಲಸದಲ್ಲಿದ್ದಾಗ ವಿಜಯಂತ್ ಅದರ ಗೆಳೆತನ ಗಳಿಸಿದ್ದ. ಎದುರಿಗೆ ಸಾವಿದ್ದಾಗ ಈ ಐವತ್ತು ರೂಪಾಯಿ ಮರೆಯಲಿಲ್ಲವಲ್ಲ! ಆ ಹುಡುಗ ಎಂಥವನೆಂದು ತಿಳಿಯಲು ನನಗೆ ಈ ಒಂದು ಸಾಲೇ ಸಾಕು.

ಇನ್ನೊಂದು ಕೋರಿಕೆಯೂ ಇತ್ತು: ಸಾಧ್ಯವಾದರೆ, ನಿಮ್ಮ ನಾಳೆಗಾಗಿ ಸೈನ್ಯ ಹೋರಾಡಿದ ಈ ಜಾಗವನ್ನು ಬಂದು ನೋಡಿ. ತಂದೆ, ನಿವೃತ್ತ ಕರ್ನಲ್, ಅದನ್ನು ನಡೆಸಿಕೊಟ್ಟರು. ಬಂದು ನೋಡಿದ್ದಷ್ಟೇ ಅಲ್ಲ, ವರ್ಷ ವರ್ಷವೂ ದ್ರಾಸ್‌ಗೆ ಬಂದರು; ಇಳಿವಯಸ್ಸಿನಲ್ಲಿ ಮಗ ಬಿದ್ದ ಬೆಟ್ಟವನ್ನೂ ಹತ್ತಿದರು.

ತೋಲೋಲಿಂಗ್ ಬುಡದಲ್ಲಿ ಈಗ ಯುದ್ಧಸ್ಮಾರಕವಿದೆ, ಹುತಾತ್ಮರ ಹೆಸರು ಕೆತ್ತಿದ ಗೋಡೆಯಿದೆ. ಕಾರ್ಗಿಲ್ ವಿಜಯ ದಿನವಾದ ಜುಲೈ 26ರಂದು ದೇಶವೇ ಇತ್ತ ನೋಡುತ್ತದೆ. ಬರುವವರಲ್ಲಿ ಹೆಚ್ಚಿನವರು ಅಲ್ಲೊಂದು ಫೋಟೊ ತೆಗೆಸಿಕೊಂಡು ಅದೇ ಗಾಡಿಯಲ್ಲಿ ಕಾರ್ಗಿಲ್‌ಗೆ ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ಒಂದು ರಾತ್ರಿ ದ್ರಾಸ್‌ನಲ್ಲಿ ತಂಗಿ. ಕಲ್ಲಿನ ಬೋಧಿಸತ್ವರನ್ನು ನೋಡಿ, ಅಂಗಡಿ ಬೀದಿಯಲ್ಲಿ ಚಹಾ ಕುಡಿಯುತ್ತ ಕೂತ ಹಿರಿಯರನ್ನು ಮಾತನಾಡಿಸಿ. ಆ ಬೇಸಗೆಯಲ್ಲಿ ಬೆನ್ನ ಮೇಲೆ ಮದ್ದುಗುಂಡು ಹೊತ್ತು ಬೆಟ್ಟ ಹತ್ತಿದವರ ಹೆಸರು ಯಾವ ಗೋಡೆಯ ಮೇಲೂ ಸಿಗುವುದಿಲ್ಲ. ಅವರನ್ನೇ ಕೇಳಿ ತಿಳಿಯಬೇಕು.