ಆಸ್ಪತ್ರೆಯಿಂದ ಬಂದ ಹಿರಿಯರು: ಮೊದಲ ಆರು ವಾರಗಳ ಆರೈಕೆ

ಹಿರಿಯರೊಬ್ಬರು ಆಸ್ಪತ್ರೆಯಿಂದ ಬಿಡುಗಡೆಯಾದರೆಂದರೆ ಪೂರ್ತಿ ಗುಣವಾದರೆಂದು ಅರ್ಥವಲ್ಲ. ಮುರಿದ ಸೊಂಟದ ಮೂಳೆಗೆ ಶಸ್ತ್ರಚಿಕಿತ್ಸೆ ಆಗಿರುತ್ತದೆ, ನ್ಯುಮೋನಿಯಾ ಹತೋಟಿಗೆ ಬಂದಿರುತ್ತದೆ; ಆದರೆ ತಾವಾಗಿ ಎದ್ದು ಬಚ್ಚಲಿಗೆ ಹೋಗುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಈ ನಡುವಿನ ಕೆಲವು ವಾರಗಳಲ್ಲಿ ಕೊಡುವ ಆರೈಕೆಯೇ ಅಲ್ಪಾವಧಿಯ ಚೇತರಿಕೆ ಆರೈಕೆ. ಹಿರಿಯರು ತಮ್ಮ ಕೆಲಸವನ್ನು ಮತ್ತೆ ತಾವೇ ಮಾಡಿಕೊಳ್ಳುವಂತಾಗಬೇಕೆಂಬುದು ಇದರ ಗುರಿ.

ಏಕೆ ಬೇಕು?

ವಯಸ್ಸಾದವರ ಸ್ನಾಯುಗಳು ಹಾಸಿಗೆಯಲ್ಲಿ ಬೇಗನೆ ಕರಗುತ್ತವೆ. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನಡೆಸಿದ, 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕಾಲುಗಳ ಸ್ನಾಯುಭಾಗ ಸುಮಾರು 1 ಕಿಲೋ ಕಡಿಮೆಯಾಗಿತ್ತು. ನಿದ್ದೆಗೇಡು, ಊಟದ ಕೊರತೆ, ನೋವು, ಗೊಂದಲ ಇವೆಲ್ಲ ಸೇರಿ ಬಿಡುಗಡೆಯ ನಂತರದ ದಿನಗಳಲ್ಲಿ ಹೊಸ ಕಾಯಿಲೆಗೆ ದಾರಿ ಮಾಡುತ್ತವೆ ಎಂದು ಯೇಲ್ ವಿಶ್ವವಿದ್ಯಾನಿಲಯದ ಡಾ. ಹಾರ್ಲನ್ ಕ್ರಂಹೋಲ್ಜ್ 2013ರಲ್ಲಿ ಬರೆದರು.

ಇಂಗ್ಲೆಂಡಿನಲ್ಲಿ ಅರ್ಹರಿಗೆ ಇಂತಹ ಆರೈಕೆ ಗರಿಷ್ಠ ಆರು ವಾರಗಳವರೆಗೆ ಉಚಿತವಾಗಿ ದೊರೆಯುತ್ತದೆ. ನಮ್ಮಲ್ಲಿ ಈ ಹೊಣೆ ಬಹುಮಟ್ಟಿಗೆ ಕುಟುಂಬದ್ದೇ. ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಗಲ್ಫ್‌ನಲ್ಲೋ ಮುಂಬಯಿಯಲ್ಲೋ ಇರುತ್ತಾರೆ. ಸಿಕ್ಕಿದ ಅಲ್ಪ ರಜೆ ಮುಗಿಯುವುದರೊಳಗೆ ತಾಯಿಯನ್ನು ಶಾಶ್ವತವಾಗಿ ವೃದ್ಧಾಶ್ರಮಕ್ಕೆ ಸೇರಿಸುವ ನಿರ್ಧಾರ ಆಗಿಬಿಡುತ್ತದೆ. ಆರು ವಾರಗಳಲ್ಲಿ ನಡೆಯಬಹುದಾಗಿದ್ದವರು ಹೀಗೆ ಮನೆಯನ್ನೇ ಕಳೆದುಕೊಳ್ಳುವುದುಂಟು.

ಬಿಡುಗಡೆಗೆ ಮುನ್ನ ಕೇಳಿ

1. ಯಾವ ಹಳೆಯ ಮಾತ್ರೆ ನಿಲ್ಲಿಸಬೇಕು, ಯಾವ ಹೊಸದು ಎಷ್ಟು ದಿನ?
2. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ವಾಕರ್ ಬೇಕೇ?
3. ಫಿಸಿಯೋಥೆರಪಿಯ ವ್ಯಾಯಾಮಗಳು ಯಾವುವು? ಮನೆಯವರಿಗೆ ಮಾಡಿ ತೋರಿಸುವಿರಾ?
4. ಮರುಭೇಟಿ ಯಾವಾಗ?

ಆಯುಷ್ಮಾನ್ ಭಾರತ್ ಯೋಜನೆಯ ಪ್ಯಾಕೇಜಿನಲ್ಲಿ ಬಿಡುಗಡೆಯ ನಂತರ 15 ದಿನಗಳವರೆಗಿನ ಔಷಧ, ತಪಾಸಣೆಯ ವೆಚ್ಚ ಸೇರಿದೆ. ಈ ಬಗ್ಗೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ವಿಚಾರಿಸಿ.

ಮನೆಯಲ್ಲಿ

ಬಚ್ಚಲಿಗೆ ಹಿಡಿಕೆ, ಜಾರದ ಚಾಪೆ, ರಾತ್ರಿ ದೀಪ ಇರಲಿ. ಹೊಸ್ತಿಲ ಬಳಿಯ ಕಾಲೊರಸು ತೆಗೆಯಿರಿ. ವೈದ್ಯರು ಒಪ್ಪಿದರೆ ಹಿರಿಯರನ್ನು ಊಟಕ್ಕೆ ಕುರ್ಚಿಯಲ್ಲಿ ಕುಳ್ಳಿರಿಸಿ. ದಿನಕ್ಕೆ ಹಲವು ಬಾರಿ ನಾಲ್ಕು ಹೆಜ್ಜೆ ನಡೆಸಿ. ಬರಿಯ ಗಂಜಿ-ಉಪ್ಪಿನಕಾಯಿ ಸಾಲದು. ಮೊಟ್ಟೆ, ಮೀನು, ಹೆಸರುಕಾಳು, ಮೊಸರು ಸ್ನಾಯುಗಳಿಗೆ ಬಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು. ಹೋಂ ನರ್ಸ್ ಇದ್ದರೆ, ಎಲ್ಲವನ್ನೂ ತಾವೇ ಮಾಡಿಕೊಡುವುದಲ್ಲ, ಹಿರಿಯರಿಂದ ಮಾಡಿಸುವುದು ಅವರ ಕೆಲಸವೆಂದು ಮೊದಲೇ ತಿಳಿಸಿ.

ಒಂದು ಕಾಲು ಊದಿ ನೋಯುವುದು, ಗಾಯದಲ್ಲಿ ಕೀವು, ಜ್ವರ ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ಉಸಿರಾಟದ ತೊಂದರೆ, ಎದೆನೋವು, ಇದ್ದಕ್ಕಿದ್ದಂತೆ ಮಾತಿನಲ್ಲಿ ಗೊಂದಲ ಕಂಡರೆ 108ಕ್ಕೆ ಕರೆ ಮಾಡಿ. ಹಿರಿಯ ನಾಗರಿಕರಿಗೆ ಮಾಹಿತಿ, ನೆರವು ನೀಡುವ ರಾಷ್ಟ್ರೀಯ ಸಹಾಯವಾಣಿ 14567.

ವಾರ್ಡಿನವರು ಮಾಡಬಹುದಾದದ್ದು

ಪರಮಪ್ರಸಾದ ಕೊಂಡೊಯ್ಯುವವರು, ಗುರಿಕಾರರು, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರು ರೋಗಿಗಳನ್ನು ಭೇಟಿಯಾಗುವುದು ನಮ್ಮಲ್ಲಿ ವಾಡಿಕೆ. ಭೇಟಿಯ ಜತೆಗೆ ಕೈಕೆಲಸವೂ ಇರಲಿ: ಒಬ್ಬರು ಔಷಧ ತಂದುಕೊಟ್ಟರೆ, ಇನ್ನೊಬ್ಬರು ಮರುಭೇಟಿಗೆ ಕರೆದೊಯ್ಯಲಿ, ಮತ್ತೊಬ್ಬರು ವಾರಕ್ಕೆರಡು ಮಧ್ಯಾಹ್ನ ಕುಳಿತು, ಆರೈಕೆ ಮಾಡುವ ಸೊಸೆಗೋ ಮಗಳಿಗೋ ವಿಶ್ರಾಂತಿ ಕೊಡಲಿ. ಬಳಕೆಯಾಗದೆ ಉಳಿದ ವಾಕರ್, ಗಾಲಿಕುರ್ಚಿಗಳನ್ನು ಚರ್ಚಿನಲ್ಲಿ ಸಂಗ್ರಹಿಸಿಟ್ಟರೆ ಬೇಕಾದವರಿಗೆ ಎರವಲು ಕೊಡಬಹುದು. ವೃದ್ಧಾಶ್ರಮ ನಡೆಸುವ ಧರ್ಮಭಗಿನಿಯರು ಒಂದೆರಡು ಹಾಸಿಗೆಗಳನ್ನು ಅಲ್ಪಾವಧಿಗೆಂದೇ ಮೀಸಲಿಟ್ಟರೆ, ಮನೆಯಲ್ಲಿ ಯಾರೂ ಇಲ್ಲದವರಿಗೆ ದೊಡ್ಡ ಉಪಕಾರ.

ಬಿಡುಗಡೆಯ ವಾರದಲ್ಲಿ ಮನೆ ಮಾರುವ, ಆಶ್ರಮಕ್ಕೆ ಸೇರಿಸುವ ಮಾತು ಬೇಡ. ಆರು ವಾರ ಆರೈಕೆ ಮಾಡಿ, ವೈದ್ಯರೊಡನೆ ಮತ್ತೊಮ್ಮೆ ಸಮಾಲೋಚಿಸಿ, ಹಿರಿಯರ ಇಚ್ಛೆಯನ್ನು ಅವರ ಬಾಯಿಂದಲೇ ಕೇಳಿ, ನಂತರ ತೀರ್ಮಾನಿಸೋಣ.