ಅಬ್ಯಾಕಸ್, ಮಗ್ಗಿ ಮತ್ತು ನಮ್ಮ ಮಕ್ಕಳು



ದೊಡ್ಡ ನಗರಗಳಲ್ಲಿ ಆರಂಭವಾದ ಅಬ್ಯಾಕಸ್ ತರಬೇತಿ ಈಗ ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ಮಗುವಿನ ಲೆಕ್ಕ ಚುರುಕಾಗುತ್ತದೆ, ಜ್ಞಾಪಕಶಕ್ತಿ, ಏಕಾಗ್ರತೆ, ಬುದ್ಧಿಶಕ್ತಿ ಎಲ್ಲವೂ ಬೆಳೆಯುತ್ತವೆ ಎಂದು ಜಾಹೀರಾತುಗಳು ಹೇಳುತ್ತವೆ. ಆಟೋ ಓಡಿಸುವ ಅಥವಾ ಗಂಜ್‌ನಲ್ಲಿ ಹಮಾಲಿ ಮಾಡುವ ತಂದೆಗೆ ಅದರ ಶುಲ್ಕ ಚಿಕ್ಕದಲ್ಲ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ. 59.56 ಮಾತ್ರ. ಇಂತಹ ಜಿಲ್ಲೆಯಲ್ಲಿ ಶಿಕ್ಷಣಕ್ಕೆಂದು ಖರ್ಚಾಗುವ ಪ್ರತಿ ರೂಪಾಯಿಗೂ ಬೆಲೆಯಿದೆ. ಹಾಗಾದರೆ ಮಗುವನ್ನು ಕಳಿಸಬೇಕೇ, ಬೇಡವೇ? ಉತ್ತರ ಹುಡುಕುವ ಮೊದಲು ಸ್ವಲ್ಪ ಇತಿಹಾಸದ ಕಡೆಗೆ ನೋಡೋಣ.

ಧೂಳಿನ ಹಲಗೆಯಿಂದ ಮಣಿಗಳವರೆಗೆ

ಅಬ್ಯಾಕಸ್ ಎಂದರೆ ಮೊದಲಿಗೆ ಮಣಿಗಳ ಚೌಕಟ್ಟು ಆಗಿರಲಿಲ್ಲ. ಹಲಗೆಯ ಮೇಲೆ ಧೂಳು ಹರಡಿ ಬೆರಳಿನಿಂದ ಅಂಕಿ ಬರೆದು ಅಳಿಸುತ್ತಿದ್ದರು. ರೋಮನ್ನರು ಹಲಗೆಯ ಗೆರೆಗಳ ಮೇಲೆ ಸಣ್ಣ ಕಲ್ಲುಗಳನ್ನಿಟ್ಟು ಲೆಕ್ಕ ಮಾಡಿದರು. ಕ್ಯಾಲ್ಕ್ಯುಲೇಟರ್ ಎಂಬ ಪದ ಹುಟ್ಟಿದ್ದು ಲ್ಯಾಟಿನ್ ಭಾಷೆಯ 'ಸಣ್ಣ ಕಲ್ಲು' ಎಂಬ ಪದದಿಂದ. ಚೀನಾದ ಚೌಕಟ್ಟಿನಲ್ಲಿ ಪ್ರತಿ ಕಂಬಿಗೆ ಮೇಲೆ ಎರಡು, ಕೆಳಗೆ ಐದು ಮಣಿಗಳಿದ್ದವು. ಜಪಾನೀಯರು ಅದನ್ನು ಪಡೆದು, ಕಾಲಕ್ರಮದಲ್ಲಿ ಮೇಲೆ ಒಂದು, ಕೆಳಗೆ ನಾಲ್ಕು ಮಣಿಗೆ ಇಳಿಸಿದರು. ಇಂದು ತರಬೇತಿ ಕೇಂದ್ರಗಳಲ್ಲಿ ಮಕ್ಕಳ ಕೈಯಲ್ಲಿರುವುದು ಸಾಮಾನ್ಯವಾಗಿ ಇದೇ ಜಪಾನಿನ ಸೊರೊಬಾನ್. 1946ರ ನವೆಂಬರ್ 12ರಂದು ಟೋಕಿಯೋದಲ್ಲಿ ಒಬ್ಬ ಅಮೆರಿಕನ್ ಸೈನಿಕನ ವಿದ್ಯುತ್ ಯಂತ್ರಕ್ಕೂ ಜಪಾನಿನ ಸೊರೊಬಾನ್‌ಗೂ ಸ್ಪರ್ಧೆ ನಡೆದಾಗ ಸೊರೊಬಾನ್ 4–1ರಿಂದ ಗೆದ್ದಿತು.

ಬಾಗ್ದಾದಿನ ದಾರಿ

ಈಗ ಇನ್ನೊಂದು ದಾರಿಯನ್ನು ಗಮನಿಸಿ. ಭಾರತದಲ್ಲಿ ಬೆಳೆದ ಒಂಬತ್ತು ಅಂಕಿ ಮತ್ತು ಸೊನ್ನೆಯ ಪದ್ಧತಿಯನ್ನು 9ನೇ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ವಿವರಿಸಿ ಬರೆದರು. ಅವರ ಹೆಸರೇ ಇಂದು ಕಂಪ್ಯೂಟರ್ ವಿಜ್ಞಾನದಲ್ಲಿ ಆಲ್ಗಾರಿದಮ್ ಆಗಿ ಉಳಿದಿದೆ. ಅವರ 'ಅಲ್-ಜಬ್ರ್' ಗ್ರಂಥದ ದೊಡ್ಡ ಭಾಗ ವಾರಸು ಹಂಚಿಕೆಯ ಲೆಕ್ಕಗಳಿಗೆ ಮೀಸಲಾಗಿದೆ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಯಾರಿಗೆ ಎಷ್ಟನೇ ಪಾಲು ಎಂಬ ಮನೆಯ ಪ್ರಶ್ನೆಯೂ ಗಣಿತವನ್ನು ಬೆಳೆಸಿತು.

ಕ್ರಿ.ಶ. 952ರ ಸುಮಾರಿಗೆ ಡಮಾಸ್ಕಸ್‌ನಲ್ಲಿ ಅಲ್-ಉಕ್ಲೀದಿಸಿ ಎಂಬ ವಿದ್ವಾಂಸರು ಧೂಳಿನ ಹಲಗೆಯನ್ನು ಬಿಟ್ಟು ಕಾಗದ, ಶಾಯಿಯಿಂದ ಲೆಕ್ಕ ಮಾಡುವ ಕ್ರಮವನ್ನು ತೋರಿಸಿದರು. ಧೂಳಿನಲ್ಲಿ ಪ್ರತಿ ಹಂತವೂ ಅಳಿದುಹೋಗುತ್ತದೆ. ಕಾಗದದಲ್ಲಿ ಎಲ್ಲವೂ ಉಳಿಯುತ್ತದೆ, ತಪ್ಪು ಎಲ್ಲಾಯಿತು ಎಂದು ಹಿಂದಿರುಗಿ ನೋಡಬಹುದು. 1202ರಲ್ಲಿ ಇಟಲಿಯ ಫಿಬೊನಾಚ್ಚಿ ಬರೆದ 'ಲೀಬರ್ ಅಬಾಚಿ'ಯ ಹೆಸರಿನಲ್ಲಿ ಅಬ್ಯಾಕಸ್ ಇದ್ದರೂ ಅದು ಕಲಿಸಿದ್ದು ಹಲಗೆಯಿಲ್ಲದೆ, ಭಾರತದ ಅಂಕಿಗಳಿಂದ ಲೆಕ್ಕ ಮಾಡುವುದನ್ನು! ಅಂದರೆ ಉಪಕರಣ ಒಂದು ಮೆಟ್ಟಿಲು. ಅದನ್ನು ಹತ್ತಿ ಮುಂದೆ ಹೋದವರೇ ಗಣಿತವನ್ನು ಬೆಳೆಸಿದರು.

ನಮ್ಮ ನೆಲದ ಲೆಕ್ಕ

ಇದೆಲ್ಲ ದೂರದ ಮಾತೆಂದು ಭಾವಿಸಬೇಡಿ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದರು. ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವ ಕೆಲಸ ಎಲ್ಲದರಲ್ಲೂ ಗಣಿತವಿದೆ ಎಂಬುದು ಅವರ ನಿಲುವು. ಗುಣಾಕಾರವನ್ನು ಅವರು ಆಟದಂತೆ ಕಲಿಸಿದರು. 142857143ನ್ನು 7ರಿಂದ ಗುಣಿಸಿ ನೋಡಿ: 1000000001 ಬರುತ್ತದೆ. ಎರಡು ತುದಿಗೆ ಒಂದೊಂದು, ನಡುವೆ ಸೊನ್ನೆಗಳ ಸಾಲು. ಇಂತಹ ಉತ್ತರಗಳನ್ನು ಅವರು ಕಂಠಹಾರಕ್ಕೆ ಹೋಲಿಸಿದರು. 12ನೇ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದನು. 1150ರಲ್ಲಿ ಭಾಸ್ಕರಾಚಾರ್ಯರು ರಚಿಸಿದ 'ಲೀಲಾವತಿ'ಯನ್ನು ಅಕ್ಬರನ ಆಜ್ಞೆಯಂತೆ 1587ರಲ್ಲಿ ಫೈಜಿ ಪಾರ್ಸಿಗೆ ತಂದರು. ಲೆಕ್ಕಕ್ಕೆ ಭಾಷೆಯ ಗಡಿಯೂ ಇರಲಿಲ್ಲ, ಧರ್ಮದ ಗಡಿಯೂ ಇರಲಿಲ್ಲ.

ಆಣೆ–ಪೈ ಕಾಲದ ಮಗ್ಗಿ

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬರುವ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆದ್ದರಿಂದ ಮಕ್ಕಳು ಪೂರ್ಣ ಸಂಖ್ಯೆಗಳ ಮಗ್ಗಿಯ ಜೊತೆಗೆ ಪಾವ್, ಪೌನ್, ಸವಾ, ಡೇಢ್, ಢಾಯಿಗಳ ಮಗ್ಗಿಯನ್ನೂ ಬಾಯಿಪಾಠ ಮಾಡುತ್ತಿದ್ದರು. ವ್ಯಾಪಾರಿಗಳ ಒಂದು ಸೂತ್ರ ನೋಡಿ: ಒಂದು ಮಣಕ್ಕೆ ಎಷ್ಟು ರೂಪಾಯಿಯೋ, ಢಾಯಿ ಸೇರಿಗೆ ಅಷ್ಟೇ ಆಣೆ. ಏಕೆ? ಮಣಕ್ಕೆ 40 ಸೇರು, ರೂಪಾಯಿಗೆ 16 ಆಣೆ. 40ನ್ನು 16ರಿಂದ ಭಾಗಿಸಿದರೆ ಎರಡೂವರೆ. ಸೂತ್ರವನ್ನು ಬಾಯಿಪಾಠ ಮಾಡಿದವನು ಅಂಗಡಿ ನಡೆಸಬಲ್ಲ. ಕಾರಣ ತಿಳಿದವನು ತೂಕ ಬದಲಾದರೂ, ನಾಣ್ಯ ಬದಲಾದರೂ ಹೊಸ ಸೂತ್ರ ಮಾಡಿಕೊಳ್ಳಬಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷವಿದೆ. ನಿಜಾಮರ ಕಾಲದಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. ಜಮಾ, ತಫ್ರೀಕ್, ಜರಬ್, ತಕ್ಸೀಮ್ ಎಂದು ಲೆಕ್ಕ ಕಲಿತವರಿದ್ದರು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಮುಂದಿನ ತಲೆಮಾರು ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ ಎಂದು ಕಲಿಯಿತು. ಇಂದಿಗೂ ದೇವದುರ್ಗ, ಮಾನ್ವಿಗಳ ಎಷ್ಟೋ ಮಕ್ಕಳು ಮನೆಯಲ್ಲಿ 'ಪಚ್ಚೀಸ್', ಶಾಲೆಯಲ್ಲಿ 'ಇಪ್ಪತ್ತೈದು' ಎನ್ನುತ್ತಾರೆ. ಕನ್ನಡದಲ್ಲಿ ಇಪ್ಪತ್ತು ಮತ್ತು ಐದು ಕೂಡಿದ್ದು ಕಿವಿಗೇ ಕೇಳುತ್ತದೆ. ಉರ್ದುವಿನಲ್ಲಿ ಪಚ್ಚೀಸ್, ಪೈಂತೀಸ್, ಪೈಂತಾಲೀಸ್, ಪಚ್ಪನ್ ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ನೆನಪಿಡಬೇಕು. ಆದರೆ ಚೌಕಟ್ಟಿನಲ್ಲಿ 25 ಎಂದರೆ ಹತ್ತರ ಕಂಬಿಯಲ್ಲಿ ಎರಡು, ಬಿಡಿಯ ಕಂಬಿಯಲ್ಲಿ ಐದು. ಎರಡು ಭಾಷೆಗಳ ನಡುವೆ ತಡವರಿಸುವ ಮಗುವಿಗೆ ಮಣಿಗಳು ನಿಜವಾಗಿ ನೆರವಾಗುವುದು ಇಲ್ಲಿಯೇ.

ಸಂಶೋಧನೆ ಏನು ಹೇಳುತ್ತದೆ?

ಗುಜರಾತಿನ ವಡೋದರಾದಲ್ಲಿ 5ರಿಂದ 7 ವರ್ಷದ 204 ಮಕ್ಕಳನ್ನು ಮೂರು ವರ್ಷ ಅಭ್ಯಸಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಬ್ಯಾಕಸ್, ಇನ್ನೊಂದಕ್ಕೆ ಸಾಮಾನ್ಯ ಗಣಿತದ ಹೆಚ್ಚುವರಿ ಪಾಠ ಕಲಿಸಲಾಯಿತು. ಅಬ್ಯಾಕಸ್ ಕಲಿತವರು ಕೂಡುವ, ಗುಣಿಸುವ ಲೆಕ್ಕಗಳಲ್ಲಿ ಮುಂದಾದರು. ಮಣಿಗಳ ಚಿತ್ರವನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಮೊದಲೇ ಚೆನ್ನಾಗಿದ್ದವರಿಗೆ ಹೆಚ್ಚು ಲಾಭವಾಯಿತು. ಆದರೆ ಒಟ್ಟಾರೆ ಬುದ್ಧಿಶಕ್ತಿ, ಜ್ಞಾಪಕಶಕ್ತಿ ಇದರಿಂದ ಹೆಚ್ಚಿದ್ದು ಕಂಡುಬರಲಿಲ್ಲ. ಆದ್ದರಿಂದ ಲೆಕ್ಕ ಚುರುಕಾಗುತ್ತದೆ ಎಂಬ ಮಾತಿಗೆ ಆಧಾರವಿದೆ. ಬುದ್ಧಿಯೇ ಬದಲಾಗುತ್ತದೆ ಎಂಬ ಮಾತನ್ನು ನಂಬಿ ಹಣ ಕಟ್ಟಬೇಡಿ.

ಪಾಲಕರಿಗೆ, ವಿದ್ಯಾರ್ಥಿಗಳಿಗೆ

ಅನುಕೂಲವಿದ್ದವರು ಮಕ್ಕಳನ್ನು ಸಂತೋಷದಿಂದ ಕಳಿಸಲಿ. ಇಲ್ಲದವರು ಸಾಲ ಮಾಡಬೇಕಿಲ್ಲ, ಕೊರಗಬೇಕಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಗೆರೆ ಎಳೆದು ಬಿಡಿ, ಹತ್ತು, ನೂರು ಎನ್ನಿ. ಹುಣಸೆ ಬೀಜ ಕೊಡಿ. ಅದೇ ರೋಮನ್ನರ ಅಬ್ಯಾಕಸ್! ಏಳಕ್ಕೆ ಎಂಟು ಕೂಡಿಸುವಾಗ ಹತ್ತರ ಗೆರೆಯಲ್ಲಿ ಒಂದು ಬೀಜ ಇಟ್ಟು, ಬಿಡಿಯಿಂದ ಎರಡು ತೆಗೆಯಲು ಹೇಳಿ. ಉಳಿದದ್ದು ಹದಿನೈದು. ನಂತರ "ಎರಡು ಏಕೆ ತೆಗೆದೆ?" ಎಂದು ಕೇಳಿ. ಮಗು ಉರ್ದುವಿನಲ್ಲಿ ಹೇಳಲಿ, ಕನ್ನಡದಲ್ಲಿ ಹೇಳಲಿ, ಕಾರಣ ಹೇಳಿತೆಂದರೆ ಗಣಿತ ಆರಂಭವಾಯಿತು ಎಂದು ತಿಳಿಯಿರಿ.

ನಮ್ಮ ಪದವೀಧರ ಯುವಕ–ಯುವತಿಯರು ವಾರಕ್ಕೆ ಒಂದು ಗಂಟೆ ತಮ್ಮ ಓಣಿಯ ಮಕ್ಕಳನ್ನು ಕೂರಿಸಿಕೊಂಡು ಈ ಪ್ರಶ್ನೆ ಕೇಳಿದರೆ ಅದಕ್ಕೆ ಶುಲ್ಕ ಬೇಕಿಲ್ಲ. ಮಗ್ಗಿ ಬಾಯಿಗೆ ಬರಲಿ, ಮಣಿ ಬೆರಳಿಗೆ ಒಗ್ಗಲಿ. ಕಾರಣ ಮಾತ್ರ ಮಗುವಿಗೆ ತಾನಾಗಿ ಹೊಳೆಯಲಿ.