ನಷ್ಟ ಯಾರ ತಲೆಗೆ?

ಆವನಿ ಬೆಟ್ಟದ ಆಸುಪಾಸಿನಲ್ಲಿ ಟೊಮೆಟೊ ಬೆಳೆಯುವವರ ಲೆಕ್ಕ ಸರಳ. ಸಸಿ, ಕಡ್ಡಿ, ದಾರ, ಔಷಧಿಗೆ ಮಂಡಿಯವರಿಂದ ಮುಂಗಡ. ಕೊಯ್ದ ಹಣ್ಣು 15 ಕೆ.ಜಿ. ಬಾಕ್ಸುಗಳಲ್ಲಿ ಕೋಲಾರದ ಎಪಿಎಂಸಿಗೆ. ಹರಾಜಿನಲ್ಲಿ ಕೂಗಿದ್ದೇ ದರ. ಕಮಿಷನ್ನು, ಮುಂಗಡ ಮುರಿದುಕೊಂಡು ಮಿಕ್ಕಿದ್ದು ಕೈಗೆ. ದರ ಬಿದ್ದರೆ ಹಣ್ಣು ರಸ್ತೆ ಬದಿಗೆ, ಸಾಲ ಮುಂದಿನ ಬೆಳೆಗೆ. ಆದರೆ ಇದೇ ಸೀಮೆಯ ಕೆಜಿಎಫ್‌ನಲ್ಲಿ ಚಿನ್ನದ ಕಂಪನಿಯೊಂದು ವರ್ಷಗಟ್ಟಲೆ ನಷ್ಟದಲ್ಲೇ ನಡೆಯಿತು. ಬೆಳೆಗಾರನಿಗಿಲ್ಲದ ಈ ಸೌಕರ್ಯಕ್ಕೆ ಹೆಸರಿಟ್ಟವರು ಹಂಗೆರಿಯ ಅರ್ಥಶಾಸ್ತ್ರಜ್ಞ ಯಾನೋಶ್ ಕೊರ್ನಾಯ್ (1928–2021).

ಅವರಿಗೆ ಮೊದಲು ಕಂಪನಿಗಳ ಹಣಕಾಸಿನ ಶಾಸ್ತ್ರ ಬೇರೆಯೇ ಪ್ರಶ್ನೆ ಹಿಡಿದು ಕೂತಿತ್ತು. ತೆರಿಗೆ, ದಿವಾಳಿಯ ಖರ್ಚು ಇಲ್ಲದ ಆದರ್ಶ ಮಾರುಕಟ್ಟೆಯಲ್ಲಿ ಬಂಡವಾಳ ಷೇರಿನಿಂದ ಬಂದರೂ ಸಾಲದಿಂದ ಬಂದರೂ ಕಂಪನಿಯ ಬೆಲೆ ಬದಲಾಗದು ಎಂದು ಮೊದಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲಿ ವಾದಿಸಿದರು. 1976ರಲ್ಲಿ ಜೆನ್ಸನ್ ಮತ್ತು ಮೆಕ್ಲಿಂಗ್ ಇನ್ನೊಂದು ಎಳೆ ಹಿಡಿದರು: ಒಡೆಯನ ಹಣ, ಮ್ಯಾನೇಜರನ ಕೈ, ಇಬ್ಬರ ಹಿತ ಒಂದೇ ಅಲ್ಲ. ಒಡೆಯ ಸರ್ಕಾರವೇ ಆದಾಗ ಏನಾಗುತ್ತದೆ ಎಂಬುದು ಈ ಎರಡರ ಕೈಗೂ ಸಿಕ್ಕಿರಲಿಲ್ಲ.

ಕೊರ್ನಾಯ್ ಬೆಳೆದದ್ದು ಆ ಲೋಕದಲ್ಲೇ. ‘ಕೊರತೆಯ ಅರ್ಥಶಾಸ್ತ್ರ’ ಎಂಬ 1980ರ ಪುಸ್ತಕದಲ್ಲಿ ಅವರು ಹೇಳಿದ್ದು ‘ಸಡಿಲ ಬಜೆಟ್’ ವಿಚಾರ. ನಷ್ಟವಾದರೂ ಯಾರಾದರೂ ತುಂಬಿಕೊಡುತ್ತಾರೆ ಎಂಬ ನಂಬಿಕೆ ಇದ್ದರೆ ಖರ್ಚಿನ ಮೇಲೆ ಹಿಡಿತ ಯಾಕೆ? ಸಡಿಲಾಗುವ ದಾರಿಯೂ ಒಂದೇ ಅಲ್ಲ: ಸಬ್ಸಿಡಿ, ತೆರಿಗೆ ವಿನಾಯಿತಿ, ತೀರಿಸಬೇಕಿಲ್ಲದ ಸಾಲ, ಸರ್ಕಾರವೇ ಕಟ್ಟುವ ಬೆಲೆ. ಸಮಾಜವಾದಿ ಕಾರ್ಖಾನೆಗಳನ್ನು ನೋಡಿ ಹುಟ್ಟಿದ ಈ ಮಾತನ್ನು 1995ರಲ್ಲಿ ಡೆವಾತ್ರಿಪೋಂ ಮತ್ತು ಮ್ಯಾಸ್ಕಿನ್ ಬ್ಯಾಂಕುಗಳಿಗೂ ಹೊಂದಿಸಿದರು. ಕೊಟ್ಟ ಸಾಲ ಮುಳುಗುವಂತಿದ್ದರೆ ಇನ್ನಷ್ಟು ಕೊಟ್ಟು ಉಳಿಸಿಕೊಳ್ಳುವುದೇ ಲಾಭವಾಗಿ ಕಾಣುತ್ತದೆ. ಸಾಲಗಾರನಿಗೆ ಅದು ಮೊದಲೇ ಗೊತ್ತಿರುತ್ತದೆ. ಮಂಡಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟರಲ್ಲಿ ಪೂರ್ವ ಯುರೋಪೇ ಪ್ರಯೋಗಶಾಲೆಯಾಗಿತ್ತು. 1989ರ ನಂತರ ಜೆಕೊಸ್ಲೊವಾಕಿಯಾ, ರಷ್ಯಾಗಳು ಜನರಿಗೆ ವೋಚರ್ ಹಂಚಿ ಕಂಪನಿಗಳನ್ನು ಖಾಸಗಿಗೆ ಕೊಟ್ಟವು. ಒಡೆತನ ಬದಲಾದರೆ ನಡತೆಯೂ ಬದಲಾದೀತು ಎಂಬ ಆಸೆ ಅಲ್ಲಿತ್ತು. ಜೆಕ್ ನೆಲದಲ್ಲಿ ಹುಟ್ಟಿದ್ದು ‘ಸುರಂಗ ಕೊರೆಯುವುದು’ ಎಂಬ ನುಡಿಗಟ್ಟು: ಕಂಪನಿಯ ಹಿಡಿತ ಇದ್ದವರು ಅದರ ಆಸ್ತಿಯನ್ನು ಒಳಗಿನಿಂದಲೇ ತಮ್ಮ ಬೇರೆ ಕಂಪನಿಗೆ ಸಾಗಿಸುವುದು. ಹೂಡಿಕೆದಾರನಿಗೆ ಕಾನೂನಿನ ಆಸರೆ ಎಷ್ಟಿದೆ ಎಂಬುದನ್ನು 1998ರಲ್ಲಿ ಲಾ ಪೋರ್ತಾ ಮತ್ತು ಸಂಗಡಿಗರು ದೇಶದೇಶಗಳಲ್ಲಿ ಹೋಲಿಸಿದರು. 2002ರಲ್ಲಿ ಬರ್ಟ್ರಾಂಡ್, ಮೆಹ್ತಾ, ಮುಲ್ಲೈನಾಥನ್ ಅದೇ ಸುರಂಗವನ್ನು ಭಾರತದ ಉದ್ಯಮ ಸಮೂಹಗಳಲ್ಲಿ ಹುಡುಕಿದರು.

ನಮ್ಮಲ್ಲಿ ಸುರಂಗ ಬರೀ ರೂಪಕವಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತದಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಶುರುವಾದಾಗ ಬಂಡವಾಳ ಲಂಡನ್ನಿನ ಷೇರುದಾರರದು. ಮೊದಲ ವರ್ಷಗಳಲ್ಲಿ ಚಿನ್ನ ಸಿಗದೆ ಹಣ ಕರಗಿದಾಗ ಕಂಪನಿಯೇ ಮುಚ್ಚುವ ಹಂತಕ್ಕೆ ಬಂದಿತ್ತು. ಅದು ಬಿಗಿ ಬಜೆಟ್ಟಿನ ಕಾಲ. ಅದಿರಿನ ಸತ್ವ ಇಳಿಯುತ್ತಾ ಬಂದ ಹೊತ್ತಿಗೆ, 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು.

ಇಲ್ಲಿ ಕೊರ್ನಾಯ್ ಪಟ್ಟಿಯ ಕೊನೆಯ ದಾರಿ, ಸರ್ಕಾರ ಕಟ್ಟುವ ಬೆಲೆ, ತಿರುಗುಮುರುಗಾಗಿ ಕಾಣುತ್ತದೆ. ಎಷ್ಟೋ ವರ್ಷ ತೆಗೆದ ಚಿನ್ನವನ್ನು ದೇಶದ ಮಾರುಕಟ್ಟೆ ಬೆಲೆಗಿಂತ ಬಹಳ ಕಡಿಮೆಯಾದ ಅಧಿಕೃತ ದರಕ್ಕೆ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಒಂದು ಕೈಯಲ್ಲಿ ಬೆಲೆ ಇಳಿಸಿ, ಇನ್ನೊಂದು ಕೈಯಲ್ಲಿ ನಷ್ಟ ತುಂಬಿದಂತೆ. ಆಗ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಕಂಡ ನಷ್ಟದಲ್ಲಿ ಗಣಿಯ ಪಾಲೆಷ್ಟು, ದರದ ಪಾಲೆಷ್ಟು? ಸಡಿಲ ಬಜೆಟ್ಟಿನ ದೊಡ್ಡ ಕೇಡು ಪೋಲಾದ ಹಣ ಮಾತ್ರವಲ್ಲ, ಲೆಕ್ಕವೇ ಸುಳ್ಳು ಹೇಳತೊಡಗುವುದು.

ಕಟ್ಟಕಡೆಗೆ ಬಿಗಿ ಬಂದಿದ್ದು ಕಾನೂನಿನ ರೂಪದಲ್ಲಿ. ನಷ್ಟದ ಕಂಪನಿಯನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ನೋಡುತ್ತಿದ್ದ, 1985ರ ರೋಗಗ್ರಸ್ತ ಕೈಗಾರಿಕೆಗಳ ಕಾಯ್ದೆಯ ಬಿಐಎಫ್‌ಆರ್ ಮಂಡಳಿಯ ವ್ಯಾಪ್ತಿಗೆ 1991ರ ತಿದ್ದುಪಡಿ ಸಾರ್ವಜನಿಕ ಉದ್ಯಮಗಳನ್ನೂ ತಂದಿತು. ಮರುವರ್ಷವೇ ಕೆಜಿಎಫ್ ಕಂಪನಿ ಅಲ್ಲಿಗೆ ಹೋಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆ ಮಂಡಳಿ ಕಡತಗಳನ್ನು ಎಳೆದಾಡುತ್ತದೆ ಎಂಬ ದೂರು ಬೆಳೆದು, 2016ರ ದಿವಾಳಿ ಸಂಹಿತೆ ಗಡುವು ಕಟ್ಟಿ ಬಂತು: 180 ದಿನ, ಬೇಕಾದರೆ ಇನ್ನೂ 90.

ಅರವತ್ತು ವರ್ಷದ ಈ ಓದು ಕಂಪನಿ ಹೇಗೆ ಹುಟ್ಟಬೇಕು, ಹೇಗೆ ಸಾಯಬೇಕು ಎಂಬುದನ್ನು ಚೆನ್ನಾಗಿ ಕಲಿಸಿದೆ. ಸತ್ತ ಕಂಪನಿಯ ಊರಿನ ಬಗ್ಗೆ ಅದರ ಮಾತು ಕಡಿಮೆ. ಕೆಜಿಎಫ್‌ನಲ್ಲಿ ಇವತ್ತಿಗೂ ಗಾಳಿ ಬೀಸಿದರೆ ಸೈನೈಡ್ ದಿಬ್ಬದ ಬೂದು ಪುಡಿ ಮನೆಯೊಳಗೆ ಬರುತ್ತದೆ. ಗಣಿ ಇಳಿದವರ ಮಕ್ಕಳು ಮುಂಜಾನೆ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ಮರಳುತ್ತಾರೆ. ದರ ಬಿದ್ದ ದಿನ ಖಾಲಿ ಬಾಕ್ಸು ಹೊತ್ತು ಆವನಿಗೆ ಹಿಂದಿರುಗುವ ಬೆಳೆಗಾರನ ನಷ್ಟವೂ, ಆ ರೈಲಿನಲ್ಲಿ ನಿಂತು ಹೋಗುವವರ ನಷ್ಟವೂ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಇಲ್ಲ.